ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ ಗಜ

ಯುಗಾದಿ ಬಂತೆಂದರೆ ನಮ್ಮ ಹೆಣ್ಣುಮಕ್ಕಳು ಮನಸ್ಸಿನಲ್ಲೇ ಮಾಡಿಕೊಳ್ಳುವ ಸಂಕಲ್ಪಗಳಲ್ಲಿ ಹೊಲಿಗೆಯದೂ ಒಂದು. ಈ ವರ್ಷ ನನ್ನ ರವಿಕೆಗಳನ್ನು ನಾನೇ ಹೊಲಿದುಕೊಳ್ಳಬೇಕು, ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಲಂಗವನ್ನಾದರೂ ಕೈಯಾರೆ ಹೊಲಿದು ಕೊಡಬೇಕು, ಟ್ರಂಕಿನಲ್ಲಿ ಬಿದ್ದಿರುವ ಹಳೆಯ ಸೀರೆಗಳಿಗೆ ಒಂದು ಗತಿ ಕಾಣಿಸಬೇಕು, ಹೀಗೆ. ಆಷಾಢ ಬರುವ ಹೊತ್ತಿಗೆ ಹೊಲಿಗೆ ಮಶೀನಿನ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ಗಂಟು ಬಂದು ಕೂತಿರುತ್ತದೆ. ದಸರೆಗೆ ಅದರ ಮೇಲೊಂದು ಹೂದಾನಿ. ದೀಪಾವಳಿಯ ಹೊತ್ತಿಗೆ ಅದು ಮಶೀನು ಎಂಬುದೇ ಮನೆಯವರಿಗೆ ಮರೆತುಹೋಗಿರುತ್ತದೆ. ಮುಂದಿನ ಯುಗಾದಿಗೆ ಮತ್ತದೇ ಸಂಕಲ್ಪ.

ಇದನ್ನು ನಾವು ನಮ್ಮ ನಮ್ಮ ಮನೆಯ ಸಣ್ಣ ಸಂಗತಿ ಎಂದುಕೊಂಡಿದ್ದೇವೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತ ಬಂದಿರುವ ನನಗೆ ಮಾತ್ರ, ಇಂತಿಷ್ಟು ಬಟ್ಟೆ ಹೊಲಿಯುತ್ತೇನೆ ಎಂಬ ಈ ಹೆಂಗಸರ ಲೆಕ್ಕಕ್ಕೂ ಒಂದು ಇತಿಹಾಸವಿದೆ ಎಂದು ಅನ್ನಿಸುತ್ತಲೇ ಬಂದಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರು ಗೆದ್ದ ಕೋಟೆಗಳ ಪಟ್ಟಿ ಇರುತ್ತದೆ, ಅವರು ತೊಟ್ಟ ನಿಲುವಂಗಿ ಹೊಲಿದವರ ಹೆಸರು ಇರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರ ಕಾಲ ಮಾತ್ರ ಇದಕ್ಕೆ ಹೊರತು. ಅಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದಾರೆ, ಕದಿರ ರೆಮ್ಮವ್ವೆ ಎಂಬ ವಚನಕಾರ್ತಿಯಿದ್ದಾಳೆ. ಒಬ್ಬರ ಹೆಸರಿಗೆ ಸೂಜಿ ಸೇರಿತು, ಇನ್ನೊಬ್ಬಳ ಹೆಸರಿಗೆ ರಾಟಿಯ ಕದಿರು. ಮಾಡುವ ಕೆಲಸವೇ ಮನುಷ್ಯರ ಗುರುತಾಗಿ, ಗೌರವವಾಗಿ ನಿಂತ ಅಂಥ ಕಾಲ ಆಮೇಲೆ ಮತ್ತೆ ಬಂದದ್ದು ಕಡಿಮೆ.

ನಮ್ಮ ನಾಡಿನ ಉಡುಪಿನಲ್ಲಿ ಉಡುವುದೇ ಹೆಚ್ಚು, ತೊಡುವುದು ಕಡಿಮೆ. ಸೀರೆ, ಧೋತರ, ಪಂಚೆ, ಶಲ್ಯ ಇವಕ್ಕೆಲ್ಲ ಸೂಜಿ ತಾಗಬೇಕಾಗಿಲ್ಲ. ಮಗ್ಗದಿಂದ ಇಳಿದದ್ದನ್ನು ಹಾಗೆಯೇ ಸುತ್ತಿಕೊಂಡರಾಯಿತು. ಆದರೂ ಕುಪ್ಪಸ ಎಂಬ ಮಾತು ಹಳೆಯದು, ಸಂಸ್ಕೃತದ ಕೂರ್ಪಾಸದಿಂದ ಬಂದದ್ದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ನೇಕಾರರು ಕುಪ್ಪಸಕ್ಕಾಗಿಯೇ ಖಣ ನೇಯುತ್ತ ಬಂದರು. ಆ ಸಣ್ಣ ತುಂಡಿನ ಅಂಚು ತೋಳಿನ ತುದಿಗೆ ಬರುವಂತೆ ಕತ್ತರಿಸುವುದರಲ್ಲೇ ಹೊಲಿಯುವವಳ ಜಾಣತನವೆಲ್ಲ ಗೊತ್ತಾಗಿಬಿಡುತ್ತಿತ್ತು. ಬಟ್ಟೆ ಸ್ವಲ್ಪವೂ ದಂಡವಾಗಬಾರದು. ಕತ್ತರಿಸಿ ಉಳಿದ ಚೂರು ಕೌದಿಗೆ ಹೋಗಬೇಕು.

ಕೌದಿಯೆಂದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬರೀ ಹೊದಿಕೆಯಲ್ಲ. ಹಳೆಯ ಸೀರೆ, ಧೋತರಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಗೆ ಒಳಗೆ ಸಾಲುಸಾಲಾಗಿ ಹೊಲಿಯುತ್ತ ಬರುವುದು ವಾರಗಟ್ಟಲೆಯ ಕೆಲಸ. ಸುಗ್ಗಿ ಮುಗಿದ ಮೇಲೆ ಶುರುವಾದರೆ ಮಳೆ ಬರುವುದರೊಳಗೆ ಮುಗಿಯಬೇಕು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ಮೂಲೆಗಳಲ್ಲಿ 'ಫೂಲ' ಎಂಬ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬ ಭಾವನೆ ಅವರದು. ಹೀಗೆಯೇ ಮನೆಯಲ್ಲಿ ಬಸುರಿ ಇದ್ದಾಳೆಂದರೆ ಕೂಸು ಹುಟ್ಟುವುದರೊಳಗೆ ಕುಲಾವಿ, ಕುಂಚಿಗೆ, ದುಪಟಿ ಸಿದ್ಧವಾಗಬೇಕು. ಮದುವೆಯ ಸೀರೆಗೆ ಕಸೂತಿ ಹಾಕುವುದಾದರೆ ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂದು ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು. ಹಿಂದೆ ಮುಂದೆ ಗಂಟು ಕಾಣಬಾರದು. ಇವೆಲ್ಲವೂ ಗುರಿಗಳೇ. ಆದರೆ ಗುರಿ ಎಂದು ಯಾರೂ ಕರೆಯಲಿಲ್ಲ. ಮಳೆ, ಸುಗ್ಗಿ, ಬಾಣಂತನ, ಮದುವೆ ಇವೇ ದಿನ ಗೊತ್ತು ಮಾಡುತ್ತಿದ್ದವು. ಹೊಲಿಯುವವಳು ಆ ದಿನಕ್ಕೆ ಸರಿಯಾಗಿ ಕೈ ಓಡಿಸುತ್ತಿದ್ದಳು.

ಈ ಲೆಕ್ಕವನ್ನು ಪೂರ್ತಿ ಬದಲಿಸಿದ್ದು ಯಂತ್ರ. 1830ರಲ್ಲಿ ಫ್ರಾನ್ಸಿನ ತಿಮೊನಿಯೇ ಎಂಬ ದರ್ಜಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸ್ಸಿನಲ್ಲಿ ಇಟ್ಟಿದ್ದ ಅವನ ಯಂತ್ರಗಳನ್ನು, ಹೊಟ್ಟೆಯ ಮೇಲೆ ಕಲ್ಲು ಬಿತ್ತೆಂದು ಹೆದರಿದ ಅಲ್ಲಿಯ ದರ್ಜಿಗಳೇ ಮುತ್ತಿ ಒಡೆದುಹಾಕಿದರು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ತಮ್ಮ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. ಆ ಕಾಲದ ಕಂಪನಿಗಳು ಪ್ರಚಾರಕ್ಕಾಗಿ ಮುದ್ರಿಸಿದ ಒಂದು ಲೆಕ್ಕ ಸ್ವಾರಸ್ಯವಾಗಿದೆ. ಗಂಡಸರ ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ, ಯಂತ್ರದಲ್ಲಿ 1 ಗಂಟೆ 16 ನಿಮಿಷ! ಮಾರುವವರ ಲೆಕ್ಕ, ಸ್ವಲ್ಪ ಉಬ್ಬಿಸಿಯೇ ಹೇಳಿದ್ದರೂ ಇರಬಹುದು. ಆದರೆ ಹದಿನಾಲ್ಕು ಗಂಟೆ ಎಂಬ ಮೊದಲ ಅಂಕಿಯನ್ನು ಗಮನಿಸಿ. ಗಂಡ, ಮೂರು ಗಂಡುಮಕ್ಕಳು ಇರುವ ಮನೆಯಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡೇ ಅಂಗಿ ಎಂದರೂ ನೂರು ಗಂಟೆಗೂ ಹೆಚ್ಚು ಹೊತ್ತು ಒಬ್ಬ ಹೆಂಗಸು ದೀಪದ ಬೆಳಕಿನಲ್ಲಿ ತಲೆ ಬಗ್ಗಿಸಿ ಕೂಡಬೇಕಿತ್ತು. ಆ ನೂರು ಗಂಟೆಯನ್ನು ಯಾವ ಇತಿಹಾಸಕಾರ ಎಣಿಸಿದ್ದಾನೆ?

ಯಂತ್ರದ ಬೆಲೆ ನೂರು ಡಾಲರಿಗೂ ಮೇಲಿತ್ತು. ಸಾಮಾನ್ಯ ಸಂಸಾರದ ಕೈಗೆ ಎಟುಕುವಂಥದ್ದಲ್ಲ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿ ತಂದ. ಇಂದು ನಾವು ಫ್ರಿಜ್ಜಿಗೆ, ಟೀವಿಗೆ ಕಟ್ಟುವ ಕಂತಿನ ಮೂಲವನ್ನು ಹುಡುಕುತ್ತ ಹೋದರೆ ಈ ಹೊಲಿಗೆ ಯಂತ್ರದ ಬಳಿಗೇ ಬರುತ್ತೇವೆ. 1863ರಲ್ಲಿ ಎಬನೇಜರ್ ಬಟರಿಕ್ ಎಂಬ ಅಮೆರಿಕದ ದರ್ಜಿ ಬೇರೆ ಬೇರೆ ಅಳತೆಯ ಕಾಗದದ ನಮೂನೆಗಳನ್ನು ಮಾರಲು ಶುರು ಮಾಡಿದ. ಅಲ್ಲಿಯ ಗೃಹಿಣಿ ಕಾಗದವನ್ನು ಬಟ್ಟೆಯ ಮೇಲೆ ಹರಡಿ ಕತ್ತರಿಸಿ ಮನೆಯಲ್ಲೇ ಹೊಲಿಯುವುದು ಆಗ ಸುಲಭವಾಯಿತು.

ಸಿಂಗರ್ ಯಂತ್ರ ಹತ್ತೊಂಬತ್ತನೆಯ ಶತಮಾನದಲ್ಲೇ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ ಕೂಡ ಇದೊಂದಕ್ಕೆ ವಿನಾಯಿತಿ ಕೊಟ್ಟರು. 1924ರಲ್ಲಿ ಒಬ್ಬ ತರುಣನ ಪ್ರಶ್ನೆಗೆ ಉತ್ತರಿಸುತ್ತ, ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಈ ಯಂತ್ರ ಮಾಡಿದ ಎಂದು ಅವರು ಹೇಳಿದರು. ಕತೆ ಚೆನ್ನಾಗಿದೆ. ಆದರೆ ನಿಜವಾದ ಸಿಂಗರ್ ಬಾಸ್ಟನ್ನಿನ ಒಂದು ಕಾರ್ಖಾನೆಯಲ್ಲಿ ಬೇರೆಯವರ ಯಂತ್ರದ ದೋಷ ತಿದ್ದುತ್ತ ಹಣ ಮಾಡುವ ದಾರಿ ಕಂಡುಕೊಂಡವನು. ಒಂದಕ್ಕಿಂತ ಹೆಚ್ಚು ಸಂಸಾರ ಹೂಡಿ, ಇಪ್ಪತ್ತಕ್ಕೂ ಮೇಲೆ ಮಕ್ಕಳನ್ನು ಪಡೆದ ಮಹಾನುಭಾವ. ಹೆಂಡತಿ ಮನೆಯಲ್ಲಿ ಕೂಲಿಗೆ ಹೊಲಿಯುವುದನ್ನು ನೋಡುತ್ತ ಕೂತು ಯೋಚಿಸಿದ ಕತೆಯನ್ನು ಹೇಳುವುದು ಬಡವ ಹೋವ್‌ನ ವಿಷಯದಲ್ಲಿ. ಇರಲಿ. ಯಂತ್ರದ ಹಿಂದೆ ಪ್ರೀತಿ ಇತ್ತೋ ಲಾಭ ಇತ್ತೋ, ಹೆಂಗಸಿನ ಕೈಗೆ ಬಂದ ಮೇಲೆ ಅದು ಅವಳ ಸಂಸಾರಕ್ಕೆ ಆಧಾರವಾಯಿತು ಎಂಬುದಂತೂ ಸತ್ಯ.

ನಮ್ಮಲ್ಲಿ ಹೊಲಿಯಬೇಕಾದ ಬಟ್ಟೆ ಹೆಚ್ಚಾದದ್ದೂ ಇದೇ ಕಾಲದಲ್ಲಿ. ಐ.ಸಿ.ಎಸ್. ಆದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರ ಹೆಂಡತಿ ಜ್ಞಾನದಾನಂದಿನಿ ದೇವಿ 1864ರಲ್ಲಿ ಗಂಡನೊಡನೆ ಮುಂಬಯಿಗೆ ಬಂದಳು. ಬಂಗಾಳದ ಒಳಮನೆಯಲ್ಲಿ ಬರೀ ಒಂದು ಸೀರೆ ಸುತ್ತಿಕೊಂಡಿದ್ದವಳಿಗೆ ಹೊರಗೆ ಹೊರಡುವ ಉಡುಪೇ ಇರಲಿಲ್ಲ. ಪಾರಸಿ ಹೆಂಗಸರನ್ನು ನೋಡಿ, ರವಿಕೆ, ಒಳಲಂಗ ತೊಟ್ಟು ಸೀರೆ ಉಡುವ ಒಂದು ಕ್ರಮವನ್ನು ರೂಢಿಸಿಕೊಂಡಳು. 1871ರಲ್ಲಿ 'ಬಾಮಾಬೋಧಿನೀ ಪತ್ರಿಕಾ'ದಲ್ಲಿ, ಬೇಕಾದವರಿಗೆ ಇದನ್ನು ಕಲಿಸಿಕೊಡುವೆನೆಂದು ಪ್ರಕಟಣೆಯನ್ನೂ ಕೊಟ್ಟಳು. ಇದೇ ಸತ್ಯೇಂದ್ರನಾಥರು 1880ರ ದಶಕದ ಆರಂಭದಲ್ಲಿ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಲ್ಲಿ ಬಂದು ಉಳಿದು ನಾಟಕ ಬರೆದದ್ದನ್ನು ಕಾರವಾರದವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅವರ ಅತ್ತಿಗೆಯ ರವಿಕೆಯ ಕತೆಯನ್ನೂ ಅದರ ಜೊತೆ ನೆನೆಯಬಹುದು. ಹೆಣ್ಣು ಹೊಸ್ತಿಲು ದಾಟಲು ಓದು ಎಷ್ಟು ಬೇಕಾಯಿತೋ ಹೊಲಿದ ಬಟ್ಟೆಯೂ ಅಷ್ಟೇ ಬೇಕಾಯಿತು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರು ಅದರ ಹೊಣೆ ಹೊತ್ತಿದ್ದರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದಿದ್ದರು. ಅವರಲ್ಲಿ ವಿಧವೆಯರೂ ಇದ್ದರು. ಉಮಾಬಾಯಿಯವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮನೆಯ ಮೂಲೆಯಲ್ಲಿ ಕೂಡಬೇಕಾಗಿದ್ದವರು ಊರ ನಡುವೆ ನಿಂತು ಜನಸಮೂಹವನ್ನು ಸಂಬಾಳಿಸಿದರು.

ಆ ಅಧಿವೇಶನದಲ್ಲಿ ಒಂದು ವಿಚಿತ್ರವಾದ ನಿಯಮ ಅಂಗೀಕಾರವಾಯಿತು. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದರೆ ನಾಲ್ಕಾಣೆ ಕೊಟ್ಟರೆ ಸಾಲದು, ತಿಂಗಳಿಗೆ 2,000 ಗಜ ನೂಲು ನೂತು ಕೊಡಬೇಕು. ವರ್ಷಕ್ಕೆ 24,000 ಗಜ. ದಿನಕ್ಕೆ ಅರ್ಧ ಗಂಟೆ ರಾಟಿಯ ಮುಂದೆ ಕೂತರೆ ಸಾಕು ಎಂಬುದು ಗಾಂಧೀಜಿಯವರ ಲೆಕ್ಕ. ದೇಶದ ದೊಡ್ಡ ದೊಡ್ಡ ವಕೀಲರಿಗೆ, ಪುಢಾರಿಗಳಿಗೆ ಹೀಗೆ ಮನೆಗೆಲಸದಂಥ ಒಂದು ಗುರಿ ಗೊತ್ತಾಯಿತು.

ನಾನು ಪಾಠ ಮಾಡುವಾಗ ಈ 24,000 ಗಜವನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸುತ್ತೇನೆ. ಇಂಚಿಗೆ 40 ಎಳೆಯಿರುವ ಒರಟು ಖಾದಿ ಎಂದಿಟ್ಟುಕೊಳ್ಳಿ. ಸೀರೆಯ ಅಗಲ 45 ಇಂಚು. ಹಾಸಿಗೆ 1,800 ಎಳೆ ಬೇಕು. ಐದು ಗಜದ ಸೀರೆಯಾದರೆ ಹಾಸಿಗೆ 9,000 ಗಜ, ಹೊಕ್ಕಿಗೂ ಅಷ್ಟೇ, ಒಟ್ಟು 18,000 ಗಜ. ವರ್ಷವಿಡೀ ನೂತರೆ ಒಂದು ಸೀರೆ, ಉಳಿದದ್ದರಲ್ಲಿ ಒಂದೆರಡು ರವಿಕೆ. ಆದರೆ ನಮ್ಮ ಕಡೆಯ ಹೆಂಗಸರು ಆಗ ಉಡುತ್ತಿದ್ದದ್ದು ಹದಿನಾರು ಮೊಳದ ಸೀರೆ, ಎಂದರೆ ಎಂಟು ಗಜ. ಅದಕ್ಕೆ 28,800 ಗಜ ನೂಲು ಬೇಕು! ವರ್ಷವಿಡೀ ನೂತರೂ ಅವಳ ಒಂದು ಸೀರೆ ಪೂರ್ತಿಯಾಗುತ್ತಿರಲಿಲ್ಲ. ಈ ಲೆಕ್ಕ ಮುಗಿದಾಗ ತರಗತಿಯಲ್ಲಿ ಹುಡುಗಿಯರೆಲ್ಲ ತಮ್ಮ ಸಮವಸ್ತ್ರವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ನನಗೆ ಬೇಕಾದ ಪಾಠ ಅಷ್ಟೇ.

ಆ ನಿಯಮ ಏನಾಯಿತು? ಅದರಲ್ಲೇ ಒಂದು ಕಿಂಡಿ ಇತ್ತು. ನೂಲಲು ಮನಸ್ಸಿಲ್ಲದವರು ಬೇರೆಯವರು ನೂತ ನೂಲನ್ನು ಕೊಡಬಹುದಿತ್ತು. ಮನಸ್ಸಿಲ್ಲದವರು ಯಾರು, ಅವರ ಬದಲು ನೂಲುವವರು ಯಾರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಟ್ನಾದ ಸಭೆಯಲ್ಲಿ ನಿಯಮ ಸಡಿಲವಾಯಿತು. ನಾಲ್ಕಾಣೆ ಕೊಡಿ, ಇಲ್ಲವೇ ವರ್ಷಕ್ಕೆ 2,000 ಗಜ ನೂಲು ಕೊಡಿ ಎಂದಾಯಿತು. ನೂಲುವ ಮನಸ್ಸಿದ್ದವರಿಗಾಗಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಎಲ್ಲರ ತಲೆಯ ಮೇಲೂ ಒಂದೇ ಗುರಿ ಹೊರಿಸಿದ್ದು ಒಂಬತ್ತು ತಿಂಗಳಲ್ಲಿ ಕಳಚಿಬಿತ್ತು. ಒಪ್ಪಿ ಹೊತ್ತವರು ಮಾತ್ರ ಉಳಿದರು. ಬೆಳಗಾವಿ ಬಳಿಯ ಹುದಲಿ ಖಾದಿಯ ಊರಾಯಿತು, 1937ರಲ್ಲಿ ಗಾಂಧೀಜಿ ಅಲ್ಲಿಗೂ ಬಂದರು. ಧಾರವಾಡದ ಗರಗ, ಹುಬ್ಬಳ್ಳಿಯ ಬೆಂಗೇರಿ ರಾಷ್ಟ್ರಧ್ವಜದ ಖಾದಿಗೆ ಹೆಸರಾದವು. ಬೆಂಗೇರಿಯಲ್ಲಿ ಧ್ವಜ ಹೊಲಿಯುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವೇ.

ಗುರಿಯನ್ನು ಸರಕಾರವೇ ಇಟ್ಟ ಕಾಲವೂ ಒಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೂ ಪಡಿತರ ಬಂತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್ನು. ಒಂದು ಉಣ್ಣೆಯ ಉಡುಪಿಗೆ 11 ಹೋಗುತ್ತಿತ್ತು. ಮುಂದಿನ ವರ್ಷಗಳಲ್ಲಿ ಕೂಪನ್ನು ಇನ್ನೂ ಕಡಿಮೆಯಾಯಿತು. ಇದ್ದದ್ದನ್ನೇ ತಿದ್ದಿ ತೇಪೆ ಹಾಕಿ ತೊಡುವುದು ಹೇಗೆಂದು 1943ರಲ್ಲಿ ಸರಕಾರವೇ ಒಂದು ಪುಸ್ತಿಕೆ ಹೊರತಂದಿತು. ಗಂಡನ ಹಳೆಯ ಕೋಟು ಹೆಂಡತಿಯ ಸ್ಕರ್ಟಾಯಿತು. ಈ ಪಡಿತರ ಪೂರ್ತಿ ಹೋದದ್ದು 1949ರಲ್ಲಿ. ನಮ್ಮಲ್ಲಿಯೂ 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಬಂತು. ನಮ್ಮ ಅಜ್ಜಿಯರ ಬಾಯಲ್ಲಿ 'ಕಂಟ್ರೋಲ್ ಸೀರೆ' ಎಂಬ ಮಾತು ಉಳಿದದ್ದು ಹೀಗೆ. ಅವರಿಗೆ ತೇಪೆ ಹಾಕುವುದನ್ನು ಕಲಿಸಲು ಪುಸ್ತಿಕೆ ಬೇಕಾಗಿರಲಿಲ್ಲ.

ಈ ನಡುವೆ ನಮ್ಮದೇ ದೇಶದ ಮಶೀನೂ ಬಂದಿತ್ತು. ಬಿಷನ್ ದಾಸ್ ಬೇಸಿಲ್ ಎಂಬವರು 1935ರಲ್ಲಿ ಕಲ್ಕತ್ತೆಯಲ್ಲಿ ಹೊಲಿಗೆ ಮಶೀನು ಮಾಡಿ ಅದಕ್ಕೆ ಮಗಳ ಹೆಸರಿಟ್ಟರು. ಅದೇ ಉಷಾ. 1938ರಲ್ಲಿ ಲಾಲಾ ಶ್ರೀರಾಮರು ಆ ಕಂಪನಿಯನ್ನು ವಹಿಸಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಊರೂರಿನ ಮಹಿಳಾ ಮಂಡಳಗಳಲ್ಲಿ, ಹೊಲಿಗೆ ಶಾಲೆಗಳಲ್ಲಿ, ತವರಿನಿಂದ ಬಂದ ಸಾಮಾನುಗಳ ನಡುವೆ ಮಶೀನು ಕಾಣಿಸತೊಡಗಿತು.

ನಮ್ಮ ಮನೆಯಲ್ಲಿದ್ದದ್ದು ಕೈಮಶೀನು. ಅಪ್ಪನ ಗುಮಾಸ್ತಿಕೆಯ ಸಂಬಳದಲ್ಲಿ ನಾಲ್ಕು ಮಕ್ಕಳಿಗೆ ದರ್ಜಿಯ ಕೂಲಿ ಕೊಡುವುದು ಆಗುವ ಮಾತಾಗಿರಲಿಲ್ಲ. ಅವ್ವ ಹಾಲಿನ ಲೆಕ್ಕದ ವಹಿಯ ಹಿಂದಿನ ಹಾಳೆಗಳಲ್ಲಿ ಪ್ರತಿ ಬೇಸಿಗೆಗೆ ಒಂದು ಪಟ್ಟಿ ಬರೆಯುತ್ತಿದ್ದಳು. ದೊಡ್ಡವನಿಗೆ ಅಂಗಿ ಎರಡು, ಚಡ್ಡಿ ಎರಡು. ಸಣ್ಣವನಿಗೆ ಚಡ್ಡಿ ಮೂರು, ಅವನು ಬೇಗ ಹರಿಯುತ್ತಾನೆ. ಹುಡುಗಿಯರಿಗೆ ಪರಕಾರ, ಪೋಲಕ ಎರಡೆರಡು ಜೊತೆ. ಶಾಲೆ ತೆರೆಯುವ ಮೊದಲು ಎಲ್ಲ ಮುಗಿಯಬೇಕು. ಒಂದೇ ಥಾನಿನ ಬಟ್ಟೆ ತಂದರೆ ಅಗ್ಗವೆಂದು ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಗೆರೆಯ ಅಂಗಿ. ಬೆಳೆಯುವ ಮಕ್ಕಳೆಂದು ಪರಕಾರದ ಕೆಳಗೆ ಮೂರು ಮಡಿಕೆ ಹಾಕಿ ಹೊಲಿಯುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಮೂರು ವರ್ಷ ಪರಕಾರ ಉದ್ದವಾಗುತ್ತ ಹೋಗುತ್ತಿತ್ತು. ಬಿಚ್ಚಿದ ಕಡೆ ಬಣ್ಣ ಕಡುವಾಗಿ ಕಾಣುತ್ತಿದ್ದುದರಿಂದ ಯಾರ ಪರಕಾರಕ್ಕೆ ಎಷ್ಟು ವಯಸ್ಸೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಆ ವಹಿಗಳು ನನ್ನ ಕೈಗೆ ಬಂದವು. ಹನ್ನೊಂದು ವರ್ಷಗಳ ಪಟ್ಟಿ ಅದರಲ್ಲಿದೆ. ಒಂದೊಂದು ಬಟ್ಟೆ ಮುಗಿದಂತೆ ಎದುರಿಗೆ ಸಣ್ಣದೊಂದು ಗೀಟು ಹಾಕಿದ್ದಾಳೆ. ಗೀಟು ಬೀಳದ ಸಾಲು ಬಹಳ ಅಪರೂಪ. ಅಪ್ಪನ ಹೆಸರಿದೆ, ನಮ್ಮೆಲ್ಲರ ಹೆಸರಿದೆ, ಅತ್ತೆಯ ಮಗಳ ಬಾಣಂತನಕ್ಕೆ ಹೊಲಿದ ಕುಲಾವಿಯ ಲೆಕ್ಕವೂ ಇದೆ. ಆ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಅವಳ ಸ್ವಂತ ಜಂಪರಿನ ಹೆಸರಿಲ್ಲ. ತನಗೆ ಹೊಲಿದುಕೊಳ್ಳಲಿಲ್ಲವೆಂದಲ್ಲ. ಉಳಿದ ಬಟ್ಟೆಯಲ್ಲಿ, ಉಳಿದ ಹೊತ್ತಿನಲ್ಲಿ ಹೊಲಿದುಕೊಂಡದ್ದನ್ನು ಬರೆದಿಡುವಷ್ಟು ದೊಡ್ಡ ಸಂಗತಿ ಎಂದು ಅವಳು ಎಣಿಸಲಿಲ್ಲ.

ಆಮೇಲೆ ರೆಡಿಮೇಡ್ ಬಂತು. ದರ್ಜಿಯ ಕೂಲಿಗಿಂತ ಅಂಗಡಿಯ ಅಂಗಿಯೇ ಅಗ್ಗವಾಯಿತು. ಆ ಅಂಗಿಯನ್ನು ಹೊಲಿಯುವವರು ಯಾರು? ಅವರೂ ನಮ್ಮ ಹೆಣ್ಣುಮಕ್ಕಳೇ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ದುಡಿದವಳು. ಊರಿಗೆ ಬಂದಾಗ ಮನೆಗೆ ಬಂದಿದ್ದಳು.

"ಇಷ್ಟು ವರ್ಷ ಹೊಲಿದೀಯಲ್ಲವ್ವಾ, ನಿನ್ನ ಮಗನಿಗೂ ಒಂದು ಅಂಗಿ ಹೊಲಿದಿದ್ದೀಯೇನು?" ಎಂದು ಕೇಳಿದೆ.

"ಎಲ್ಲಿ ಟೀಚರ್ರೀ, ಒಂದು ಪೂರಾ ಅಂಗಿ ನಾ ಒಮ್ಮೆನೂ ಹೊಲಿದಿಲ್ಲ ನೋಡ್ರಿ. ನನ್ನ ಕೈಗೆ ಬರೂದು ಬರೇ ಕಾಲರ್. ತಾಸಿಗೆ ಇಷ್ಟು ಅಂತ ಟಾರ್ಗೆಟ್ ಇರ್ತದ. ನೀರು ಕುಡಿಯಾಕ ಎದ್ರೂ ಲೆಕ್ಕ ತಪ್ತದರಿ," ಎಂದಳು.

ಟಾರ್ಗೆಟ್ ಎಂಬುದೂ ಗುರಿಯೇ ಅಲ್ಲವೇ? ಇಂಗ್ಲಿಷಿನ ಒಂದು ಮಾತು ಕನ್ನಡದ ಬಾಯಲ್ಲಿ ಹೀಗೆ ಬೆದರಿಕೆಯಾಗಿ ಕೇಳಿದ್ದು ಆಗಲೇ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಗುಂಡಿ. ಅಂಗಿ ಯಾರ ಕೈಯದೂ ಅಲ್ಲ. ಆದರೆ ಈ ಹೆಂಗಸರು ಬರೀ ತಲೆ ಬಗ್ಗಿಸಿ ಕೂತವರಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಸರಕಾರ ಹೊಸ ಅಡ್ಡಿ ತಂದಾಗ ಸಾವಿರಾರು ಜನ ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತಾಗ, ಅವರಲ್ಲಿ ಹೆಚ್ಚಿನವರು ಇಂಥ ಹೆಣ್ಣುಮಕ್ಕಳೇ. ಗೋಡೆ ಬಿರುಕು ಬಿಟ್ಟಿದೆ ಎಂದು ಹಿಂದಿನ ದಿನವೇ ಗೊತ್ತಿತ್ತು. ಆದರೂ ಅವರನ್ನು ಕೆಲಸಕ್ಕೆ ಕರೆದರು. ಅಗ್ಗದ ಅಂಗಿಯ ಬೆಲೆಯಲ್ಲಿ ಕಾಣದ ಲೆಕ್ಕ ಇದು.

ಬಟ್ಟೆ ಅಗ್ಗವಾಗಿ ಸಿಗುವ ದೇಶಗಳಲ್ಲೇ ಇಂದು ಕೆಲವು ಹೆಂಗಸರು ಹಿಂದಿರುಗಿ ಮಶೀನಿನ ಮುಂದೆ ಕೂತಿದ್ದಾರೆ. ಇಂಗ್ಲೆಂಡಿನಲ್ಲಿ 2010ರಲ್ಲಿ ಶುರುವಾದ ಒಂದು ರೂಢಿಯಿದೆ. ಮೇ ತಿಂಗಳಲ್ಲಿ ತಾವೇ ಹೊಲಿದ ಬಟ್ಟೆ ತೊಡುತ್ತೇವೆ ಎಂದು ಪ್ರತಿಜ್ಞೆ ಮಾಡುವುದು. ಇದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ ಪ್ರತಿಜ್ಞೆ ಎಷ್ಟರದು ಎಂಬುದನ್ನು ಒಬ್ಬೊಬ್ಬರೂ ತಾವೇ ಗೊತ್ತು ಮಾಡಿಕೊಳ್ಳುತ್ತಾರೆ. ಒಬ್ಬಳು ದಿನಾಲೂ ಎನ್ನಬಹುದು, ಇನ್ನೊಬ್ಬಳು ವಾರಕ್ಕೆ ಒಂದು ದಿನ ಎನ್ನಬಹುದು. ಹೊಸದು ಹೊಲಿಯಲೇಬೇಕೆಂದೂ ಇಲ್ಲ. ಇದ್ದದ್ದನ್ನು ತೊಟ್ಟು ನೋಡಿ, ಮುಂದೆ ಏನು ಹೊಲಿಯಬೇಕೆಂದು ತಿಳಿದುಕೊಳ್ಳುವುದು. 1925ರಲ್ಲಿ ಪಟ್ನಾದಲ್ಲಿ ಗೊತ್ತಾದ ಪಾಠವೂ ಇದೇ ಅಲ್ಲವೇ? ನಮ್ಮಲ್ಲಿ 2020ರ ಲಾಕ್‌ಡೌನಿನಲ್ಲಿ ಇದನ್ನು ಕಣ್ಣಾರೆ ಕಂಡೆವು. ಅಂಗಡಿಯಲ್ಲಿ ಮಾಸ್ಕ್ ಸಿಗದಿದ್ದಾಗ ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ಹೆಂಗಸರು ಮನೆಮನೆಯ ಮಶೀನಿನ ಮೇಲಿನ ಹೂದಾನಿ ಇಳಿಸಿ ಹೊಲಿಯಲು ಕೂತರು. ವರ್ಷಗಳಿಂದ ಎಣ್ಣೆ ಕಾಣದ ಮಶೀನುಗಳು ಓಡಿದವು.

ಹೀಗೆ ಇತಿಹಾಸವನ್ನೆಲ್ಲ ಸುತ್ತಿ ಬಂದ ಮೇಲೆ ನಮ್ಮ ಯುಗಾದಿಯ ಸಂಕಲ್ಪಕ್ಕೆ ಏನು ಹೇಳಬಹುದು? ಮೊದಲನೆಯದಾಗಿ, ಲೆಕ್ಕ ಸಣ್ಣದಿರಲಿ. ವರ್ಷಕ್ಕೆ ಹನ್ನೆರಡು ರವಿಕೆ ಎನ್ನುವುದಕ್ಕಿಂತ, ದಿನಕ್ಕೆ ಅರ್ಧ ಗಂಟೆ ಎನ್ನುವುದು ಮೇಲು. ಒಂದು ಸಂಜೆ ಬರೀ ಕತ್ತರಿಸುವುದು, ಇನ್ನೊಂದು ಸಂಜೆ ತೋಳು ಕೂಡಿಸುವುದು, ಮತ್ತೊಂದು ಸಂಜೆ ಹುಕ್ಕು, ಹೆಮ್ಮಿಂಗು. ಎರಡನೆಯದಾಗಿ, ಸುಲಭದಿಂದ ಶುರುವಾಗಲಿ. ದಿಂಬಿನ ಚೀಲ, ಆಮೇಲೆ ನೇರ ಹೊಲಿಗೆಯ ಒಳಲಂಗ, ಆಮೇಲೆ ಮಕ್ಕಳ ಲಂಗ, ಕೊನೆಗೆ ರವಿಕೆ. ರವಿಕೆಯ ಕಂಕುಳು ಮತ್ತು ಡಾರ್ಟು ಎಂಥವರನ್ನೂ ಪರೀಕ್ಷೆ ಮಾಡುತ್ತವೆ. ಸರಿಯಾಗಿ ಕೂಡುವ ಹಳೆಯ ರವಿಕೆಯೊಂದನ್ನು ಬಿಚ್ಚಿ ಕಾಗದದ ಮೇಲಿಟ್ಟು ಗೀಟು ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಹತ್ತಿಯ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಿಗಿಯಾಗುತ್ತದೆ. ಮೂರನೆಯದಾಗಿ, ಅಂಗಡಿಗೆ ಹೋಗುವ ಮೊದಲು ಟ್ರಂಕು ತೆಗೆಯಿರಿ. ಉಡಿ ತುಂಬಿದ ಬ್ಲೌಸ್ ಪೀಸುಗಳು ಎಷ್ಟಿವೆಯೆಂದು ಎಣಿಸಿದರೆ ವರ್ಷದ ಗುರಿ ತಾನಾಗಿ ಗೊತ್ತಾಗುತ್ತದೆ.

ಇದರಿಂದ ಎಷ್ಟು ಹಣ ಉಳಿಯುತ್ತದೆ ಎಂದು ಕೇಳುವವರಿದ್ದಾರೆ. ಲೈನಿಂಗ್ ರವಿಕೆಯ ಕೂಲಿ ಕೊಟ್ಟವರಿಗೆ ಉತ್ತರ ಗೊತ್ತಿದೆ. ಆದರೆ ನನಗೆ ಹಣದಷ್ಟೇ ಮುಖ್ಯವಾಗಿ ಕಾಣುವುದು ಬೇರೆ. ಪೂರ್ತಿ ಒಂದು ರವಿಕೆಯನ್ನು ಹೊಲಿದ ಹೆಂಗಸಿಗೆ, ಅಂಗಡಿಯಲ್ಲಿ ತೂಗುವ ಅಂಗಿಯ ಹಿಂದೆ ಎಷ್ಟು ಹೊತ್ತು, ಎಷ್ಟು ಕಣ್ಣು, ಎಷ್ಟು ಬೆನ್ನು ಇದೆ ಎಂಬುದು ತಿಳಿಯುತ್ತದೆ. ಆಮೇಲೆ ಅವಳು ಯಾವ ಬಟ್ಟೆಯನ್ನೂ ಎರಡು ಸಲ ತೊಟ್ಟು ಮೂಲೆಗೆ ಬಿಸಾಡುವುದಿಲ್ಲ.

ಕೊನೆಯದಾಗಿ ಒಂದು ಮಾತು. ಮಳೆ, ಮದುವೆ, ಕಾಂಗ್ರೆಸ್ಸು, ಯುದ್ಧ, ಕಾರ್ಖಾನೆ, ಇವೆಲ್ಲ ಹೆಂಗಸಿನ ಹೊಲಿಗೆಗೆ ಗುರಿ ಇಟ್ಟು ನೋಡಿದವು. ಮನೆಯೂ ಇಟ್ಟಿತು. ಈ ವರ್ಷ ನೀವು ಪಟ್ಟಿ ಬರೆಯುವುದಾದರೆ ಗಂಡನ ಹೆಸರು, ಮಕ್ಕಳ ಹೆಸರು, ಸೊಸೆಯ ಹೆಸರು ಎಲ್ಲ ಇರಲಿ. ಅವುಗಳಿಗೆಲ್ಲ ಮೊದಲು, ಹಾಳೆಯ ಮೇಲ್ತುದಿಯಲ್ಲಿ ನಿಮ್ಮ ಹೆಸರು ಬರೆದುಕೊಳ್ಳಿ. ಎದುರಿಗೆ ರವಿಕೆ ಒಂದು ಎಂದು ಬರೆಯಿರಿ, ಒಂದೇ ಸಾಕು. ಅದು ಮುಗಿದ ದಿನ ಗೀಟು ಹಾಕುವುದನ್ನು ಮಾತ್ರ ಮರೆಯಬೇಡಿ.